ಕುಣಿತದ ಸುತ್ತ ನಿಂತವರು

ನಮ್ಮ ಕಡೆ ಸಿಮೆಂಟ್ ಕಾರ್ಖಾನೆಗಳ ಹಿಂದೆ ಕಾಲನಿಗಳು ಬಂದವು, ಕಾಲನಿಗಳ ಹಿಂದೆ ಕ್ಲಬ್ಬು ಬಂತು. ಅಂಥ ಒಂದು ಕ್ಲಬ್ಬಿನಲ್ಲಿ ಪಾಲಕರ ಸಭೆ ಸೇರಿತ್ತು. ಎಂಟು, ಒಂಬತ್ತು, ಹತ್ತನೇ ಇಯತ್ತೆಯ ಮಕ್ಕಳು ‘ಸಹಾಯಾರ್ಥ ಡಿಜೆ ನೈಟ್’ ಮಾಡುತ್ತೇವೆ ಎಂದಿದ್ದರು. ಟಿಕೇಟು 500 ರೂಪಾಯಿ. ಖರ್ಚು ಕಳೆದು ಉಳಿದದ್ದು ಸರಕಾರಿ ಶಾಲೆಯ ಮಕ್ಕಳ ನೋಟುಬುಕ್ಕಿಗೆ. ಹೋದ ವರ್ಷದ ಕೂಟ ಮುಗಿದ ಮರುದಿನ ಕಂಪೌಂಡಿನ ಹಿಂದೆ ಬಿಯರ್ ಬಾಟಲಿಗಳು ಸಿಕ್ಕಿದ್ದವು. ಅರ್ಧ ಜನ ಇರಲಿ ಎಂದರು, ಅರ್ಧ ಜನ ಬೇಡ ಎಂದರು. ಮಾತು ಮುಗಿಯದೆ ಸಭೆ ಮುಂದಿನ ವಾರಕ್ಕೆ ಹೋಯಿತು. ಸೇಡಂ ತಾಲೂಕಿನ ನಮ್ಮೂರು ಕುರಕುಂಟಾಕ್ಕೆ ಮರಳಿದೆ, ನಿದ್ದೆ ಹತ್ತಲಿಲ್ಲ. ಆ ವಾರ ಕೂಡಿಟ್ಟ ಕಣಗಳು ಇವು.

ಕುಣಿತ

ಕುಣಿಯುವುದು ಹರೆಯದ ಹಕ್ಕು. ಕಾಲು ಕಟ್ಟಿ ಬೆಳೆಸಿದ ಮಗುವಿಗೆ ಓಡಲೂ ಬರುವುದಿಲ್ಲ, ನಿಲ್ಲಲೂ ಬರುವುದಿಲ್ಲ.

*

ಮೊಹರಂ ಬಂದರೆ ಅಲಾವಿಯ ಸುತ್ತ ಹಿಂದೂ ಹುಡುಗರು, ಮುಸಲ್ಮಾನ ಹುಡುಗರು ಕೂಡಿ ಹೆಜ್ಜೆ ಹಾಕುತ್ತಾರೆ. ಹೋಳಿಗೆ ತಾಂಡಾದ ಹೆಣ್ಣುಮಕ್ಕಳು ಸುತ್ತು ಕಟ್ಟಿ ಹಾಡುತ್ತಾರೆ. ಜಾತ್ರೆಯಲ್ಲಿ ಪುರವಂತರು ಕುಣಿಯುತ್ತಾರೆ. ಈ ಎಲ್ಲ ಕುಣಿತಕ್ಕೂ ಎರಡು ಸುತ್ತು ಇರುತ್ತವೆ. ಒಳಗಿನ ಸುತ್ತು ಕುಣಿಯುವವರದು. ಹೊರಗಿನ ಸುತ್ತು ಅಜ್ಜ ಅಜ್ಜಿಯರದು, ಕಾಕಾ ಕಾಕುಗಳದು, ಸೋದರಮಾವಂದಿರದು.

*

ಹೊರಗಿನ ಸುತ್ತಿನವರನ್ನು ಕಾವಲುಗಾರರೆಂದು ತಿಳಿಯಬೇಡಿ. ಹುಡುಗ ಚೆನ್ನಾಗಿ ಕುಣಿದರೆ ‘ಭಲೇ’ ಎನ್ನುವವರು ಅವರೇ. ತಪ್ಪಿ ಬಿದ್ದರೆ ಎತ್ತುವವರೂ ಅವರೇ.

*

ಡಿಜೆ ಹಾಲ್‌ನಲ್ಲಿ ಒಳಗಿನ ಸುತ್ತು ಉಳಿದಿದೆ, ಹೊರಗಿನ ಸುತ್ತು ಕರಗಿದೆ. ನಮ್ಮ ಜಗಳವೆಲ್ಲ ಹಾಡಿನ ಬಗ್ಗೆ, ಬಟ್ಟೆಯ ಬಗ್ಗೆ. ಕಳೆದುಹೋದ ಆ ಸುತ್ತನ್ನು ಹುಡುಕಲು ಯಾರೂ ಹೋಗಲಿಲ್ಲ.

*

ಹೊರಗಿನ ಸುತ್ತು ಕಟ್ಟುವುದೆಂದರೆ ಬಾಗಿಲು ಒಡೆಯುವುದಲ್ಲ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆಯಿತು. ಅಂಥವರಿಗೆ ನಮ್ಮ ಮಕ್ಕಳ ಮೇಲೆ ಯಾವ ಅಧಿಕಾರವೂ ಇಲ್ಲ. ಮಕ್ಕಳನ್ನು ಕಾಯುವ ಕೈಗೆ ಮೊದಲು ಅವರ ತಲೆ ಸವರಿ ಗೊತ್ತಿರಬೇಕು.

*

ಮನೆಯವರು ಕಣ್ಣು ಮುಚ್ಚಿದ ಕಡೆ ಬೀದಿಯವರ ಕಣ್ಣು ಬೀಳುತ್ತದೆ. ಪ್ರೀತಿಯಿಂದ ನೋಡುವವರು ಹಿಂದೆ ಸರಿದರೆ ಸಿಟ್ಟಿನಿಂದ ನೋಡುವವರು ಮುಂದೆ ಬರುತ್ತಾರೆ.

ದಾನ

ಕಾಗಿಣಾ ದಂಡೆಯ ಮಳಖೇಡದಿಂದ ನಾಡನ್ನಾಳಿದ ಅಮೋಘವರ್ಷ ನೃಪತುಂಗ, ಪ್ರಜೆಗಳಿಗೆ ಬಂದ ಕೇಡು ಕಳೆಯಲೆಂದು ತನ್ನ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಸಂಜಾನ್ ತಾಮ್ರಶಾಸನ ಹೇಳುತ್ತದೆ. ಇವತ್ತು ಬೆರಳು ಕೇಳುವವರು ಯಾರೂ ಇಲ್ಲ. ಆದರೆ ಕೊಟ್ಟ ಮೇಲೆ ನಮ್ಮಲ್ಲಿ ಏನಾದರೂ ಕಡಿಮೆಯಾಗಬೇಕು ಎಂಬ ಪಾಠ ನಮ್ಮ ಸೇಡಂ ತಾಲೂಕಿನ ಮಣ್ಣಿನಲ್ಲೇ ಇದೆ.

*

500 ರೂಪಾಯಿ ಅಪ್ಪನ ಕಿಸೆಯಿಂದ ಬಂತು. ಸಂತೋಷ ಮಗನಿಗಾಯಿತು. ಪುಣ್ಯ ಯಾರ ಲೆಕ್ಕಕ್ಕೆ ಬರೆಯೋಣ?

*

ಆ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಬರೆಸಿ. ಡಿಜೆಗೆ ಎಷ್ಟು, ಲೈಟಿಗೆ ಎಷ್ಟು, ಪೆಂಡಾಲಿಗೆ ಎಷ್ಟು, ತಿಂಡಿಗೆ ಎಷ್ಟು, ನೋಟುಬುಕ್ಕಿಗೆ ಎಷ್ಟು. ಕೊನೆಯ ಸಾಲು ಬರೆಯುವಾಗ ಅವರ ಪೆನ್ನು ಒಂದು ಕ್ಷಣ ನಿಂತರೆ ಸಾಕು. ಯಾವ ಭಾಷಣವೂ ಮಾಡದ ಕೆಲಸವನ್ನು ಆ ಕ್ಷಣ ಮಾಡುತ್ತದೆ.

*

ಕಲಬುರಗಿಯ ಶರಣಬಸವೇಶ್ವರರು ಹೊಲಕ್ಕೆ ಇಳಿದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರಿಟ್ಟರೆಂಬ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಕ್ಕಿಗಳಿಗೆ ಯಾರೂ ಟಿಕೇಟು ಹರಿಯಲಿಲ್ಲ.

*

ಜಾತ್ರೆಯ ದಾಸೋಹದಲ್ಲಿ ಒಬ್ಬ ಹುಡುಗನನ್ನು ನೋಡಿದೆ. ಒಂಬತ್ತನೇ ಇಯತ್ತೆ ಇರಬೇಕು. ಕಾಲಿಗೆ ದುಬಾರಿ ಬೂಟು. ಬೂಟು ಬಿಟ್ಟು, ಪ್ಯಾಂಟು ಮಡಿಸಿ, ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ. ಒಬ್ಬ ಮುದುಕಿಯ ಎಲೆಯ ಮುಂದೆ ಬಂದಾಗ ಸಾರು ಹರಿದು ರೊಟ್ಟಿ ತೊಯ್ದು ಹೋಯಿತು. ಹುಡುಗ ಗಾಬರಿಯಾದ. ಅಜ್ಜಿ ಅವನ ಮಣಿಕಟ್ಟು ಹಿಡಿದು, “ಸಾವಕಾಶ ನೀಡೋ ಯಪ್ಪಾ, ಹಸಿವಿ ಎಲ್ಲಿಗಿ ಓಡಿ ಹೋಗಲ್ಲ” ಎಂದಳು. ಆಮೇಲೆ ಅವನು ಪ್ರತಿ ಎಲೆಯ ಮುಂದೆ ಬಗ್ಗಿ ಬಡಿಸಿದ. ಬೆನ್ನು ಬಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ. ಅವನಿಗೆ ಆ ದಿನ ಸಿಕ್ಕದ್ದು ಯಾವ ಟಿಕೇಟಿನಲ್ಲೂ ಸಿಗುವುದಿಲ್ಲ.

*

ಬಡವನ ಮುಖ ನೋಡದೆ ಮಾಡಿದ ದಾನದಿಂದ ಬಡವನಿಗೆ ನೋಟುಬುಕ್ಕು ಸಿಗಬಹುದು. ಕೊಟ್ಟ ಮಗುವಿಗೆ ಏನೂ ಸಿಗುವುದಿಲ್ಲ.

*

ನಾಟಕ ಕಂಪನಿಗಳು ಊರಿನ ಶಾಲೆಗೋ ಗುಡಿಗೋ ಸಹಾಯಾರ್ಥ ಪ್ರಯೋಗ ಮಾಡಿ ಆ ರಾತ್ರಿಯ ಗಲ್ಲೆಯನ್ನು ಬಿಟ್ಟುಕೊಡುತ್ತಿದ್ದವು. ಅಲ್ಲಿಯೂ ಕುಣಿತವಿತ್ತು, ಹಾಡಿತ್ತು, ನಗೆಯಿತ್ತು. ಬೆವರು ಮಾತ್ರ ಕೊಡುವವರದಾಗಿತ್ತು, ಮತ್ತು ನೋಡಲು ಇಡೀ ಊರು ಕುಳಿತಿತ್ತು.

*

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12 ಪಡೆದು ಮೊದಲನೆಯದಾಯಿತು. ನಮ್ಮ ಕಲಬುರಗಿ ಶೇಕಡಾ 42.43 ಪಡೆದು ಕೊನೆಯದಾಯಿತು. ಕಾಲನಿಯ ಮಗುವಿಗೆ ಬರುವ ಬೀಜಗಣಿತ ಗೋಡೆಯಾಚೆಯ ಮಗುವಿಗೆ ಬರುತ್ತಿಲ್ಲ. ಭಾನುವಾರ ಒಂದು ತಾಸು ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರೆ ಅದಕ್ಕಿಂತ ದೊಡ್ಡ ಸಹಾಯಾರ್ಥ ಕಾರ್ಯಕ್ರಮ ಈ ಜಿಲ್ಲೆಗೆ ಬೇಕಿಲ್ಲ.

*

ಹಾಗೆಂದು ಕುಣಿತವನ್ನು ಕಿತ್ತುಕೊಳ್ಳಬೇಡಿ. ಚಾಪೆಯ ಮೇಲೆ ಕೂತವರಿಬ್ಬರೂ ಸಂಜೆಗೆ ಕೂಡಿ ಕುಣಿಯಲಿ. ಗೋಡೆ ಬೀಳುವುದು ಆಗಲೇ.

*

ಕುಣಿತಕ್ಕೆ ಕುಣಿತವೆನ್ನಿ, ದಾನಕ್ಕೆ ದಾನವೆನ್ನಿ. ಕುಣಿತಕ್ಕೆ ದಾನದ ಶಾಲು ಹೊದಿಸಿದರೆ, ‘ಒಳ್ಳೇ ಕೆಲಸಕ್ಕೆ ಹೋಗಿದ್ದಾರೆ’ ಎಂದು ಪಾಲಕರು ಆ ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಾರೆ. ಕಂಪೌಂಡಿನ ಹಿಂದಿನ ಬಾಟಲಿ ಆ ನಿದ್ದೆಯಲ್ಲಿ ಖಾಲಿಯಾಗುತ್ತದೆ.

*

ಇಂಗ್ಲೆಂಡಿನಲ್ಲಿ ಉಳ್ಳವರ ಹದಿಹರೆಯದ ಮಕ್ಕಳಿಗೆಂದೇ ಧರ್ಮಾರ್ಥ ಬಾಲ್ ಕೂಟಗಳು ನಡೆಯುತ್ತವೆ. ಒಳಗೆ ಮದ್ಯ ಮಾರುವುದಿಲ್ಲ. ಆದರೂ ಅಲ್ಲಿಯ ತಾಯಂದಿರ ಚಿಂತೆ ನಮ್ಮ ತಾಯಂದಿರದ್ದೇ: ಒಳಗೆ ಹೋಗುವ ಮೊದಲು ಇವರು ಯಾರ ಮನೆಯಲ್ಲಿ ಕೂಡಿದ್ದರು?

ಬಾಟಲಿ

ಕೂಲಿಯವನ ಮಗ ಕುಡಿದರೆ ‘ಕೆಟ್ಟು ಹೋದ’ ಎನ್ನುತ್ತೇವೆ. ಸಾಹೇಬರ ಮಗ ಕುಡಿದರೆ ‘ವಯಸ್ಸು’ ಎನ್ನುತ್ತೇವೆ. ಇಬ್ಬರ ಯಕೃತ್ತಿಗೂ ಈ ಭೇದ ಗೊತ್ತಿಲ್ಲ.

*

ಸಾರಾಯಿ ಪಾಕೀಟು ನಿಂತದ್ದು 2007ರ ಜುಲೈ 1ರಿಂದ. ಬಡವನ ಕೈಯ ಪಾಕೀಟು ನಾಡಿನ ಸಮಸ್ಯೆಯಾಗಿತ್ತು, ಕಾನೂನು ಬಂತು. ಸಿರಿವಂತರ ಮನೆಯ ಗಾಜಿನ ಕಪಾಟು ಇನ್ನೂ ಯಾರಿಗೂ ಸಮಸ್ಯೆಯಾಗಿಲ್ಲ. ಆ ಕಪಾಟಿನ ಕೀಲಿ ಎಲ್ಲಿದೆ ಎಂದು ಮನೆಯ ಮಕ್ಕಳಿಗೆಲ್ಲ ಗೊತ್ತು.

*

ಗೆಳತಿಯೊಬ್ಬಳು ಮಗಳ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ತೊಳೆಯಲು ಹೋದಳು. ತಳದಲ್ಲಿ ಕಿತ್ತಳೆ ಬಣ್ಣದ ಒಂದು ಗುಟುಕು ಉಳಿದಿತ್ತು. ಮೂಗಿಗೆ ಹಿಡಿದಳು. ಕಿತ್ತಳೆಯ ಸಿಹಿ ವಾಸನೆ ಮೊದಲು ಬಂತು. ಅದರ ಹಿಂದೆಯೇ ಇನ್ನೊಂದು ಬಂತು. ಅದನ್ನು ಅವಳು ತನ್ನ ಅಪ್ಪನ ಅಂಗಿಯಲ್ಲಿ ಮೂವತ್ತು ವರ್ಷದ ಹಿಂದೆಯೇ ಮೂಸಿದ್ದಳು. ನಳ ಬಿಟ್ಟು ಬಹಳ ಹೊತ್ತು ನಿಂತಳಂತೆ. ಮಗಳು ಹದಿನಾಲ್ಕರವಳು. ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಆ ಬಾಟಲಿಯನ್ನೇ ಮೂರು ಸಲ ತೊಳೆದಳಂತೆ.

*

ಮೊದಲು ಅಪ್ಪಿಕೊಳ್ಳಿ. ಬೈಯಲು ನಾಳೆ ಬೆಳಗ್ಗೆ ಇದ್ದೇ ಇದೆ. ಅಪ್ಪುಗೆ ಮಾತ್ರ ಆ ರಾತ್ರಿಯೇ ಬೇಕು.

*

2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮೊಬೈಲ್ ಹುಡುಕಲು ಮಕ್ಕಳ ಬ್ಯಾಗು ತೆಗೆಸಿದಾಗ ಸಿಗರೇಟು, ಲೈಟರು ಸಿಕ್ಕವು. ನೀರಿನ ಬಾಟಲಿಯಲ್ಲಿ ಮದ್ಯವಿತ್ತೆಂದೂ ಸುದ್ದಿಯಾಯಿತು. ಬ್ಯಾಗು ತೆಗೆದದ್ದು ಸುದ್ದಿಯಾಯಿತು. ಆ ಮಕ್ಕಳ ಮನಸ್ಸನ್ನು ಯಾರು ತೆರೆದು ಕೇಳಿದರು?

*

ಈಚಲ ಮರದಿಂದ ಸಿಂಧಿ ಇಳಿಸುವುದು ನಮ್ಮ ಜಿಲ್ಲೆಯಲ್ಲಿ ನಿಷಿದ್ಧ. ರೈಲಿನಲ್ಲಿ ಸ್ವಲ್ಪ ದೂರ ಹೋದರೆ ರಾಜ್ಯದ ಗಡಿಯಾಚೆಯ ತಾಂಡೂರು. ಅಲ್ಲಿ ಅಂಗಡಿಯೇ ಇದೆ. ನೆಲದ ಮೇಲೆ ಎಳೆದ ಗೆರೆ ಬಾಯಿಯನ್ನು ಕಾಯುವುದಿಲ್ಲ. ಗೆರೆ ಮನೆಯೊಳಗೆ ಎಳೆಯಬೇಕು, ಅದೂ ಮಗು ಅಂಬೆಗಾಲಿಡುವಾಗಲೇ.

*

ಮದ್ಯ ಕ್ಯಾನ್ಸರ್ ತರುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿತು. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ‘ಒಂದು ಗುಟುಕಿಗೆ ಏನಾಗ್ತದ’ ಎನ್ನುವ ಮಾವಂದಿರಿಗೆ ಇಷ್ಟು ಉತ್ತರ ಸಾಕು.

*

ಮನುಷ್ಯನ ಮೆದುಳು ಇಪ್ಪತ್ತೈದರ ಹತ್ತಿರದ ತನಕ ಬೆಳೆಯುತ್ತಲೇ ಇರುತ್ತದೆ. ತಾಳ್ಮೆ, ವಿವೇಕ, ‘ಬೇಡ’ ಎನ್ನುವ ಶಕ್ತಿ ಕೂಡುವ ಭಾಗ ಎಲ್ಲಕ್ಕಿಂತ ಕೊನೆಗೆ ಮಾಗುತ್ತದೆ. ತೊಗರಿ ಹೂವಿನಲ್ಲಿದ್ದಾಗ ಮಂಜು ಬಿದ್ದರೆ ಏನಾಗುತ್ತದೆಂದು ನಮ್ಮ ರೈತರನ್ನು ಕೇಳಿ. ಹದಿನಾಲ್ಕರ ಮೆದುಳಿಗೆ ಮದ್ಯವೆಂದರೆ ಅದೇ ಮಂಜು.

ಕಾಯ್ದೆ

ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಹೊರಬಿತ್ತು. ಜನ ಬೇಡವೆಂದರು, ಕೆಲವೇ ದಿನಗಳಲ್ಲಿ ಸರಕಾರ ಹಿಂದೆ ಸರಿಯಿತು. ಊರೆಲ್ಲ ಒಂದು ದನಿಯಲ್ಲಿ ಬೇಡವೆಂದರೆ ಕೇಳುವ ಕಿವಿ ಇನ್ನೂ ಇದೆ.

*

ಬಾಲನ್ಯಾಯ ಕಾಯ್ದೆ 2015, ಕಲಂ 77. ವೈದ್ಯರ ಸೂಚನೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟವರಿಗೆ, ಕೊಡಿಸಿದವರಿಗೆ 7 ವರ್ಷದ ತನಕ ಕಠಿಣ ಸಜೆ, 1 ಲಕ್ಷ ರೂಪಾಯಿ ತನಕ ದಂಡ. ‘ಅಪ್ಪ ಕೊಟ್ಟರೆ ನಡೆಯುತ್ತದೆ’ ಎಂದು ಆ ಕಲಮಿನಲ್ಲಿ ಎಲ್ಲಿಯೂ ಬರೆದಿಲ್ಲ.

*

‘ಹೊರಗ ಕದ್ದು ಕುಡಿಯೋದಕಿಂತ ಮನ್ಯಾಗ ನಮ್ಮ ಮುಂದ ಕುಡೀಲಿ’ ಎಂದು ಸಭೆಯಲ್ಲಿ ಒಬ್ಬ ತಂದೆ ಹೇಳಿದರು. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಮನೆಯಲ್ಲಿ ಕಲಿತ ಪಾಠವನ್ನು ಮಗು ಮನೆಯಲ್ಲೇ ಬಿಟ್ಟು ಹೋಗುವುದಿಲ್ಲ. ಕಲಿತ ಕೈ ಹೊರಗೂ ಲೋಟ ಹಿಡಿಯುತ್ತದೆ.

*

2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ದುಬಾರಿ ಕಾರು ಬಡಿದು ಇಬ್ಬರು ಯುವ ಎಂಜಿನಿಯರರು ಸತ್ತರು. ಅದಕ್ಕೂ ಮುಂಚೆ ಗೆಳೆಯರ ಜೊತೆ ಪಬ್ಬಿನಲ್ಲಿ ಪಾರ್ಟಿ ನಡೆದಿತ್ತು. ಮೊದಲ ಜಾಮೀನಿಗೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತು ಹಾಕಿದಾಗ ದೇಶವೇ ಸಿಟ್ಟಾಯಿತು. ಆ ಎರಡು ಮನೆಗಳಲ್ಲಿ ಖಾಲಿಯಾದ ಕುರ್ಚಿಯನ್ನು ಎಷ್ಟು ಪದಗಳಲ್ಲಿ ಬರೆಯುವುದು?

*

ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಪಾಲಕರಿಗೆ 3 ವರ್ಷದ ತನಕ ಸಜೆ, 25,000 ರೂಪಾಯಿ ದಂಡ; ಗಾಡಿಯ ನೋಂದಣಿ 12 ತಿಂಗಳು ರದ್ದು. 2019ರ ತಿದ್ದುಪಡಿಯಲ್ಲಿ ಇದು ಬಂತು. ಕೀಲಿ ಕೊಡುವ ಕೈಯೇ ಆರೋಪಿ ಎಂದು ಕಾಯ್ದೆ ಕೊನೆಗೂ ಒಪ್ಪಿಕೊಂಡಿದೆ. ಮನೆ ಒಪ್ಪಿಕೊಳ್ಳುವುದು ಬಾಕಿ.

*

ಕಾಯ್ದೆ ಎಷ್ಟೇ ಬಿಗಿಯಾಗಿರಲಿ, ಅದು ಬಾಗಿಲು ತಟ್ಟುವುದು ಅನಾಹುತ ಆದ ಮೇಲೆ. ಆಗುವ ಮೊದಲು ತಟ್ಟಬೇಕಾದವರು ನಾವು.

ಪಾಲಕರು

‘ನನ್ನ ಮಗ ಅಂಥವನಲ್ಲ’: ಪ್ರತಿ ಪಾಲಕರ ಬಾಯಲ್ಲೂ ಇದೇ ಮಾತು. ಹಾಗಾದರೆ ಆ ಬಾಟಲಿಗಳು ಯಾರ ಮಕ್ಕಳವು? ಅವು ನಮ್ಮೆಲ್ಲರವು ಎಂದು ಒಪ್ಪಿಕೊಂಡ ದಿನ ಸಭೆ ನಿಜವಾಗಿ ಸುರುವಾಗುತ್ತದೆ.

*

ಭಾನುವಾರ ಸಂಜೆ ಅಪ್ಪನ ಗೆಳೆಯರು ಬಂದರು. ‘ಪುಟ್ಟಾ, ಫ್ರಿಜ್ಜಿನಿಂದ ಸೋಡಾ ತಾ.’ ಮಗು ತಂದಿತು. ಐಸು ತಂದಿತು. ಶೇಂಗಾ ತಂದಿತು. ಹತ್ತು ವರ್ಷ ತಂದ ಮೇಲೆ ಒಂದು ದಿನ ತಾನೂ ಕೂತಿತು. ಅಪ್ಪನಿಗೆ ಆಶ್ಚರ್ಯವಾಯಿತು.

*

ಮಕ್ಕಳಿಗೆ ಹೇಳಿದ್ದು ಕಿವಿಯ ತನಕ ಹೋಗುತ್ತದೆ, ಮಾಡಿ ತೋರಿಸಿದ್ದು ಎಲುಬಿನ ತನಕ.

*

ಮಳಖೇಡದ ಅಮೋಘವರ್ಷ ರಚಿಸಿದನೆನ್ನುವ ಒಂದು ಪುಟ್ಟ ಸಂಸ್ಕೃತ ಕೃತಿಯ ಹೆಸರು ‘ಪ್ರಶ್ನೋತ್ತರ ರತ್ನಮಾಲಿಕಾ’. ಹೆಸರಿನಲ್ಲೇ ಮೊದಲು ಪ್ರಶ್ನೆ, ಆಮೇಲೆ ಉತ್ತರ. ನಮ್ಮ ಮನೆಗಳಲ್ಲಿ ಪ್ರಶ್ನೆಗೆ ಮೊದಲೇ ಉತ್ತರ ಹಾರಿ ಬರುತ್ತದೆ. ಮಗು ಕೇಳುವುದನ್ನು ಬಿಟ್ಟಾಗ ಅದು ಬೇರೆ ಕಡೆ ಕೇಳಲು ಸುರುಮಾಡಿದೆ ಎಂದು ತಿಳಿಯಿರಿ.

*

ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ 1998ರಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ಶೇಕಡಾ 42ರಷ್ಟು, ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಅಮಲಾಗುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು ಶೇಕಡಾ 5ಕ್ಕೆ ಇಳಿಯಿತು. ಆಟಕ್ಕೆ, ಸಂಗೀತಕ್ಕೆ, ಕುಣಿತಕ್ಕೆ ಸರಕಾರ ಹಣ ಕೊಟ್ಟಿತು. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಮಕ್ಕಳು ಹೊರಗಿರಬಾರದೆಂಬ ನಿಯಮ ಪಾಲಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ ಪಾಲಕರು ಕೂಡಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ‘ಎಲ್ಲರ ಮನೆಯಾಗ ಬಿಡ್ತಾರ, ನಮ್ಮ ಮನೆಯಾಗಷ್ಟೇ ಇಲ್ಲ’ ಎಂದು ಯಾವ ಮಗುವೂ ಹೇಳುವಂತಿರಲಿಲ್ಲ.

*

ಒಬ್ಬ ತಾಯಿ ಬೇಡವೆಂದರೆ ಅವಳು ಕೆಟ್ಟವಳಾಗುತ್ತಾಳೆ. ಇಪ್ಪತ್ತು ತಾಯಂದಿರು ಬೇಡವೆಂದರೆ ಅದು ಊರಿನ ರೀತಿಯಾಗುತ್ತದೆ.

*

ಪ್ರತಿ ಮಗುವಿಗೂ ಒಂದು ಮಾತು ಕೊಡಿ: ‘ಎಷ್ಟೊತ್ತಿಗಾದ್ರೂ ಇರಲಿ, ಎಲ್ಲಾದ್ರೂ ಇರಲಿ, ಫೋನ್ ಮಾಡು. ಬರತೀನಿ. ದಾರ್ಯಾಗ ಒಂದು ಮಾತೂ ಕೇಳಂಗಿಲ್ಲ.’ ಆ ಮಾತು ಉಳಿಸಿಕೊಳ್ಳಿ. ಕಾರಿನಲ್ಲಿ ಬೈದ ಅಪ್ಪನಿಗೆ ಎರಡನೇ ಫೋನು ಬರುವುದಿಲ್ಲ.

*

ಪರೀಕ್ಷೆಯ ಅಂಕ ಕೇಳುವ ನಾವು ಗೆಳೆಯರ ಹೆಸರು ಕೇಳುವುದಿಲ್ಲ. ಮಗುವಿನ ಐವರು ಗೆಳೆಯರ ಹೆಸರು, ಅವರ ಮನೆ, ಅವರ ಅವ್ವನ ಫೋನು ಗೊತ್ತಿದ್ದರೆ ಅರ್ಧ ಸುತ್ತು ಕಟ್ಟಿದಂತೆ.

ಜೋಳಿಗೆ

2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನ ತನಕ ಸುಮಾರು 200 ಕಿಲೋಮೀಟರು ಹಳ್ಳಿಯ ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳುತ್ತ ನಡೆದರು. ನಮ್ಮ ರಾಯಚೂರು ಸೀಮೆಯ ಕೂಲಿ ಮಾಡುವ ಅವ್ವಂದಿರೂ ಆ ಸಾಲಿನಲ್ಲಿದ್ದರು. ಅವರಿಗೆ ಕ್ಲಬ್ಬಿರಲಿಲ್ಲ, ಮೈಕಿರಲಿಲ್ಲ, ಕಾಲಿತ್ತು. ಕುರ್ಚಿಯ ಮೇಲೆ ಕೂತು ಎರಡು ತಾಸು ವಾದಿಸಿದ ನಮಗೆ ಆ ಕಾಲುಗಳ ನೆನಪು ಬೇಕು.

*

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳು ಕೇಳಲಿಲ್ಲ, ಕಾಸು ಕೇಳಲಿಲ್ಲ. ‘ನಿಮ್ಮ ದುಶ್ಚಟ ಹಾಕಿ’ ಎಂದು ಜೋಳಿಗೆ ಒಡ್ಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

*

ಸಹಾಯಾರ್ಥ ಎಂದರೆ ಏನೆಂದು ಹುಡುಕುತ್ತಿದ್ದೆ. ಆ ಜೋಳಿಗೆಯಲ್ಲಿ ಸಿಕ್ಕಿತು. ಮಕ್ಕಳ ಹಿತಕ್ಕಾಗಿ ಪಾಲಕರು ಕೊಡಬಹುದಾದ ಮೊದಲ ಕಾಣಿಕೆ ತಮ್ಮ ಕೈಯ ಲೋಟ.

*

ಆ ಲೋಟ ಕೆಳಗಿಡಲು ಆಗದವರು ನಾಚುವುದು ಬೇಡ, ನೆರವು ಕೇಳಲಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಸಂಕಟದಲ್ಲಿರುವ ಮಗುವಿಗೆ 1098 ಇದೆ. ಕೇಳಿದವನು ಸಣ್ಣವನಾಗುವುದಿಲ್ಲ, ಅವನ ಮಗ ಅದನ್ನು ನೋಡಿ ದೊಡ್ಡವನಾಗುತ್ತಾನೆ.

*

ಮುಂದಿನ ವಾರ ಸಭೆ ಮತ್ತೆ ಸೇರಿತು. ಅವೇ ಮಾತು, ಅವೇ ದನಿ. ಹಿಂದಿನ ಸಾಲಿನಲ್ಲಿ ಮೊಮ್ಮಗಳ ಪರವಾಗಿ ಬಂದ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು. “ಹುಡುಗ್ರು ಕುಣೀಲಿ ಬಿಡ್ರಿ. ಲೈಟ್ ಆರಸಬ್ಯಾಡ್ರಿ. ಬಾಗಲ್ದಾಗ ನಾ ಕುಂದ್ರತೀನಿ” ಎಂದು ಹೇಳಿ ಕೂತಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಿತ್ತಳೆ ಬಾಟಲಿ ತೊಳೆದ ನನ್ನ ಗೆಳತಿ ಕೈ ಎತ್ತಿದಳು: “ಅಜ್ಜಿ ಬಾಜೂಕ ನಂದೊಂದು ಕುರ್ಚಿ ಹಾಕ್ರಿ.”

*

ಹೊರಗಿನ ಸುತ್ತು ಹೀಗೇ ಕಟ್ಟುತ್ತದೆ. ಒಬ್ಬರು ಕೂತರೆ ಎರಡನೆಯವರಿಗೆ ತಮ್ಮ ಜಾಗ ಗೊತ್ತಾಗುತ್ತದೆ.